ನೆನಪುಳ್ಳ ದ್ರವ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ತಾವೆಲ್ಲ ಬಲ್ಲಿರಿ. ಕಟ್ಟುವುದು ನಿಧಾನ, ಕೆಡಹುವುದು ಬೇಗ. ಈ ಮಾತು ಗಣಿತದ ಸಮೀಕರಣವಾಗಿ ಮೂಡಿಬಂದ ವೃತ್ತಾಂತವೊಂದು ವಿಜ್ಞಾನದ ಚರಿತ್ರೆಯಲ್ಲಿದೆ.

೧೬೮೭ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯ’ ಗ್ರಂಥದಲ್ಲಿ ನ್ಯೂಟನ್ನನು ದ್ರವಗಳ ಹರಿವಿಗೆ ಒಂದು ನಿಯಮವನ್ನು ಊಹಿಸಿದನು. ದ್ರವದ ಪದರಗಳು ಒಂದರ ಮೇಲೊಂದು ವೇಗವಾಗಿ ಜಾರಿದಷ್ಟೂ ಅದೇ ಪ್ರಮಾಣದಲ್ಲಿ ಅಡ್ಡಿಯೂ ಹೆಚ್ಚುವುದು. ಈ ಪ್ರಮಾಣವೇ ಸ್ನಿಗ್ಧತೆ. ನೀರಿನಲ್ಲಿ ಅದು ಕಡಮೆ, ಹರಳೆಣ್ಣೆಯಲ್ಲಿ ಹೆಚ್ಚು. ಆದರೆ ನೀರಿಗೆ ನೆನಪಿಲ್ಲ. ಗಂಟೆಗಟ್ಟಲೆ ಕಲಕಿದರೂ, ದಿನಗಟ್ಟಲೆ ಸುಮ್ಮನೆ ಇಟ್ಟರೂ ಅದರ ಸ್ನಿಗ್ಧತೆ ಒಂದೇ.

ಎಲ್ಲ ದ್ರವಗಳೂ ಹೀಗೆಯೆ? ೧೯೨೩ರಲ್ಲಿ ಬರ್ಲಿನ್ನಿನ ಫ್ರಾಯಿಂಡ್ಲಿಖ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಯಲ್ಲಿ ಷಾಲೆಕ್, ಸೆಗ್ವಾರಿ ಎಂಬಿಬ್ಬರು ಕಬ್ಬಿಣದ ಆಕ್ಸೈಡಿನ ಹೆಪ್ಪೊಂದನ್ನು ಪರೀಕ್ಷಿಸುತ್ತಿದ್ದರು. ಕುಲುಕಿದರೆ ಅದು ನೀರಾಗುತ್ತಿತ್ತು. ಇಟ್ಟಲ್ಲಿ ಬಿಟ್ಟರೆ ಮರಳಿ ಹೆಪ್ಪುಗಟ್ಟುತ್ತಿತ್ತು. ಕಡೆದ ಮೊಸರು ಮತ್ತೆ ಗಡ್ಡೆಮೊಸರಾಗದು. ಇದಾದರೋ ಎಷ್ಟು ಸಲ ಕುಲುಕಿದರೂ ಚೇತರಿಸಿಕೊಳ್ಳುತ್ತಿತ್ತು. ೧೯೨೭ರಲ್ಲಿ ಪೇಟರ್ಫಿ ಎಂಬುವನು ಈ ಗುಣಕ್ಕೆ ‘ಥಿಕ್ಸೊಟ್ರಾಪಿ’ ಎಂಬ ಹೆಸರನ್ನು ಸೂಚಿಸಿದನು. ಗ್ರೀಕಿನಲ್ಲಿ ‘ಥಿಕ್ಸಿಸ್’ ಎಂದರೆ ಸ್ಪರ್ಶ, ‘ಟ್ರೋಪೆ’ ಎಂದರೆ ತಿರುವು. ಮುಟ್ಟಿದರೆ ಮಾರ್ಪಡುವುದು ಎಂದು ನಾವು ಹೇಳಬಹುದು.

ಅಷ್ಟರಲ್ಲಿ ಜರ್ಮನಿಯಲ್ಲಿ ಹಿಟ್ಲರನ ಆಡಳಿತ ಬಂದಿತು. ಯೆಹೂದ್ಯ ಮೂಲದವನಾದ ಫ್ರಾಯಿಂಡ್ಲಿಖ್ ೧೯೩೩ರಲ್ಲಿ ಕೆಲಸ ತೊರೆದು ಲಂಡನ್ನಿಗೂ, ಮುಂದೆ ಅಮೆರಿಕದ ಮಿನ್ನೆಸೋಟಕ್ಕೂ ಹೋಗಬೇಕಾಯಿತು. ಆದರೂ ಅಭ್ಯಾಸವನ್ನು ಬಿಡದೆ ೧೯೩೫ರಲ್ಲಿ ಈ ವಿಷಯವನ್ನೇ ಕುರಿತು ಪುಸ್ತಕವನ್ನು ಹೊರತಂದನು. ೧೯೪೧ರಲ್ಲಿ ತೀರಿಕೊಂಡನು.

ಗುಣಕ್ಕೆ ಹೆಸರೇನೋ ದೊರೆಯಿತು, ಲೆಕ್ಕ ಹೇಗೆ? ೧೯೫೯ರಲ್ಲಿ ಪಿಂಗಾಣಿ ಕೆಲಸದ ಜೇಡಿಮಣ್ಣಿನ ರಾಡಿಯನ್ನು ಅಭ್ಯಸಿಸುತ್ತಿದ್ದ ಮೂರ್ ಎಂಬುವನು ಸರಳವಾದ ದಾರಿಯೊಂದನ್ನು ತೋರಿದನು. ರಾಡಿಯೊಳಗಿನ ಕಣಗಳು ಪರಸ್ಪರ ಹೆಣೆದುಕೊಂಡು ಒಂದು ರಚನೆಯಾಗುತ್ತವೆ. ಅದು ಪೂರ್ಣವಾಗಿದ್ದರೆ ೧, ಪೂರ್ತಿ ಮುರಿದಿದ್ದರೆ ೦ ಎಂದು ಇಟ್ಟುಕೊಳ್ಳಿ. ಕಟ್ಟಿಕೊಳ್ಳುವ ವೇಗವು ಮುರಿದ ಭಾಗವೆಷ್ಟೋ ಅದನ್ನು ಅನುಸರಿಸುವುದು. ಕೆಡುವ ವೇಗವು ಉಳಿದ ರಚನೆಯನ್ನೂ ಕಲಕುವ ರಭಸವನ್ನೂ ಅನುಸರಿಸುವುದು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಪ್ರತಿಕ್ಷಣದ ಬದಲಾವಣೆ ಸಿಗುವುದು. ಈ ಅಂಕಿಯೊಡನೆ ಸ್ನಿಗ್ಧತೆ ಏರಿಳಿಯುವುದು. ಹೀಗೆ ದ್ರವದ ಗತಕಾಲವೆಲ್ಲ ಒಂದೇ ಒಂದು ಸಂಖ್ಯೆಯಲ್ಲಿ ಅಡಗಿತು.

ಇದರಿಂದ ಪ್ರಯೋಜನವೇನೆಂದು ಕೇಳುವಿರಾ? ಎಣ್ಣೆಬಾವಿ ಕೊರೆಯುವಾಗ ಜೇಡಿಯ ರಾಡಿಯನ್ನು ಒಳಕ್ಕೆ ತಳ್ಳುವರು. ಅದು ಕೊರೆದ ಕಲ್ಲಿನ ಚೂರುಗಳನ್ನು ಮೇಲಕ್ಕೆ ತರುತ್ತದೆ. ಪಂಪು ನಿಂತಾಗ ರಾಡಿ ಹೆಪ್ಪುಗಟ್ಟಿ ಚೂರುಗಳನ್ನು ಕೆಳಗೆ ಬೀಳದಂತೆ ಹಿಡಿಯುತ್ತದೆ. ಆದರೆ ಹೆಚ್ಚು ಹೊತ್ತು ನಿಂತರೆ ಹೆಪ್ಪು ಬಿಗಿಯುವುದು. ಅದನ್ನು ಮುರಿಯಲು ಹಾಕುವ ಒತ್ತಡಕ್ಕೆ ಬಾವಿಯ ಗೋಡೆಯ ಬಂಡೆಯೇ ಬಿರುಕು ಬಿಟ್ಟೀತು. ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ಲೆಕ್ಕಕ್ಕೆ ತಾರದ ಸೂತ್ರ ಅಲ್ಲಿ ಕೆಲಸಕ್ಕೆ ಬಾರದು.