ಬೀಟಲ್ಸರ ಸಹಿ: ಖರೇದು ಯಾವುದು, ಖೊಟ್ಟಿದು ಯಾವುದು

ನಮ್ಮಲ್ಲಿ ಪದ ಕಟ್ಟಿದವರ ಗುರುತು ಪದದೊಳಗೇ ಇರುತ್ತದೆ. ಅದಕ್ಕೆ ಅಂಕಿತ ಅಂತೀವಿ. ಬಸವಣ್ಣನವರ ವಚನಕ್ಕೆ ಕೂಡಲಸಂಗಮದೇವ, ಶರೀಫ ಸಾಹೇಬರ ಪದಕ್ಕೆ ಶಿಶುನಾಳಧೀಶ. ಇಂಗ್ಲಂಡದ ಹಾಡುಗಾರರಲ್ಲಿ ಈ ಪದ್ಧತಿ ಇಲ್ಲ. ಅಲ್ಲಿ ಅಭಿಮಾನಿಗಳು ಹಾಳಿ ಹಿಡಕೊಂಡು ಕೈಸಹಿ ಕೇಳ್ತಾರ. ಅಂಥಾ ಒಂದು ಹಾಳಿ ಐವತ್ತು ಅರವತ್ತು ವರ್ಷ ಕಳೆದ ಮ್ಯಾಲೆ ಹೊಲ ಕೊಳ್ಳುವಷ್ಟು ರೊಕ್ಕ ತರೂದುಂಟು. ರೊಕ್ಕ ಬಂದಲ್ಲಿ ಖೊಟ್ಟಿ ಮಾಲೂ ಬರ್ತದ. ಖರೇದನ್ನ ಹೆಂಗ ಗುರುತು ಹಿಡೀತಾರ ಅನ್ನೂದನ್ನ ಬೀಟಲ್ಸ್ ಎಂಬ ಮೇಳದ ಇತಿಹಾಸದಿಂದ ತಿಳಿಯಬಹುದು.

ಬೀಟಲ್ಸ್ ಅಂದ್ರ ಲಿವರ್‌ಪೂಲ್ ಎಂಬ ಬಂದರು ಊರಿನ ನಾಲ್ಕು ಹುಡುಗರು: ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್. ಇವರೊಳಗಿನ ಜಾರ್ಜ್ ನಮ್ಮ ಪಂಡಿತ್ ರವಿಶಂಕರರ ಕಡೆ ಸಿತಾರ ಕಲಿತಾತ. 1968ರಲ್ಲಿ ನಾಲ್ಕೂ ಮಂದಿ ಹೃಷಿಕೇಶಕ್ಕೆ, ಮಹೇಶ ಯೋಗಿಗಳ ಆಶ್ರಮಕ್ಕೆ ಬಂದಿದ್ದರು.

ಮೊದಮೊದಲು ಇವರು ತಮ್ಮೂರಿನ ಕ್ಯಾವರ್ನ್ ಎಂಬ ನೆಲಮನೆಯ ಕ್ಲಬ್ಬಿನಲ್ಲಿ ಹಾಡುತ್ತಿದ್ದರು. ಕೇಳಿದವರಿಗೆ ನಿಂತು, ಪೂರಾ ಹೆಸರು ಬರೆದು ಸಹಿ ಕೊಡುತ್ತಿದ್ದರು. 1963ರಲ್ಲಿ ಇಂಗ್ಲಂಡದ ತುಂಬ ಹೆಸರಾಯಿತು. 1964ರ ಫೆಬ್ರವರಿಯಲ್ಲಿ ಅಮೆರಿಕಾಕ್ಕೆ ಹೋದರು. ಆಮೇಲೆ ಹೋದಲ್ಲೆಲ್ಲ ಸಾವಿರಾರು ಮಂದಿ, ಸಾವಿರಾರು ಹಾಳಿ. ನಾಲ್ಕು ಮಂದಿ ಎಷ್ಟಕ್ಕಂತ ಬರೀಬೇಕು? ಅವರ ಗಾಡಿ ಹೊಡೆಯುತ್ತಿದ್ದ ನೀಲ್ ಆಸ್ಪಿನಾಲ್, ಸಾಮಾನು ಸಾಗಿಸುತ್ತಿದ್ದ ಮ್ಯಾಲ್ ಇವಾನ್ಸ್ ಇವರಿಬ್ಬರೂ ಒಳಗೆ ಕುಂತು ನಾಲ್ವರ ಹೆಸರನ್ನೂ ಬರೆದು ಕೊಟ್ಟರು. ಕೆಲವೊಮ್ಮೆ ನಾಲ್ವರೊಳಗೆ ಒಬ್ಬನೇ ಉಳಿದವರ ಹೆಸರೂ ಗೀಚಿದ್ದುಂಟು.

ತ್ರಾಸ ಇರೂದು ಇಲ್ಲೇ ನೋಡ್ರಿ. ಬಾಗಿಲ ಹೊರಗೆ ಚಳಿಯೊಳಗ ನಿಂತ ಹುಡುಗಿ ಹಾಳಿ ಒಳಗೆ ಕಳಿಸಿದಳು, ಸಹಿ ಆಗಿ ಬಂತು. ಮುದುಕಿ ಆಗೂತನಕ ಪೆಟ್ಟಿಗ್ಯಾಗ ಇಟ್ಟಳು. ಮಕ್ಕಳು ಮಾರಲು ಒಯ್ದರ ತಿಳಿದವರು, ಇದು ಗಾಡಿ ಹೊಡೆಯುವವನ ಅಕ್ಷರ ಅಂತಾರ. ಆ ಮುದುಕಿ ಸುಳ್ಳು ಹೇಳಿಲ್ಲ. ಹಾಳಿ ಬಂದದ್ದೂ ಬೀಟಲ್ಸರ ಬಾಗಿಲಿನಿಂದಲೇ. ಆದರೂ ಅದಕ್ಕೆ ನಾಲ್ವರ ಸಹಿಯ ಬೆಲೆ ಹತ್ತೂದಿಲ್ಲ. ಅದಕ್ಕೇ ಮನೆಯವರ ಮಾತೊಂದನ್ನೇ ನಂಬಿ ಯಾರೂ ಕೊಳ್ಳುವುದಿಲ್ಲ, ಹಾಳಿಯನ್ನೂ ಮಾತಾಡಿಸ್ತಾರ.

ಮೊದಲು ನೋಡೂದು ಕೈಯ ಓಟ. ದಿನಾ ತನ್ನ ಹೆಸರು ಬರೆಯುವವನ ಪೆನ್ನು ತಡೀದೆ ಓಡ್ತದ. ನೋಡಿ ನಕಲು ಮಾಡುವವನ ಗೆರೆ ಸಣ್ಣಗೆ ನಡುಗಿರ್ತದ, ನಡುವೆ ಪೆನ್ನು ಎತ್ತಿದ ಗುರುತು ಇರ್ತದ. ನಮ್ಮಲ್ಲೂ ಯಾರೋ ಕಟ್ಟಿದ ಪದಕ್ಕೆ ದೊಡ್ಡವರ ಅಂಕಿತ ಸೇರಿಸಿ ಹಾಡಿದರ, ಹಳೆ ಹಾಡುಗಾರ ಅಂಕಿತ ಬರೂಕಿಂತ ಮೊದಲೇ ಮಾತಿನ ನಡಿಗಿ ನೋಡಿ ಹಿಡೀತಾನ. ಇದೂ ಅದೇ ವಿದ್ಯೆ.

ಎರಡನೇದು ಕಾಲ. ಸಹಿ ವರ್ಷ ವರ್ಷ ಬದಲಾಗ್ತದ. 1962ರ ಸಹಿಗೂ ಗಡಿಬಿಡಿಯ 1965ರ ಸಹಿಗೂ ಬಹಳ ಫರಕು. 1962ರ ಆಗಸ್ಟ್ ತನಕ ಡ್ರಮ್ ಬಾರಿಸುವವ ಪೀಟ್ ಬೆಸ್ಟ್, ಆಮೇಲೆ ರಿಂಗೋ ಬಂದ. ಹಂಗಾಗಿ ಜಾನ್, ಪಾಲ್, ಜಾರ್ಜ್ ಜೋಡಿ ಪೀಟನ ಸಹಿ ಇದ್ದರೆ ಅದು ಆ ಬದಲಾವಣೆಗಿಂತ ಹಿಂದಿನದು ಇರಬೇಕು. ಮೇಳದವರು ತಮ್ಮದೇ ಆಪಲ್ ಎಂಬ ರೆಕಾರ್ಡ್ ಕಂಪನಿ ತೆಗೆದದ್ದು 1968ರಲ್ಲಿ. ಆಪಲ್ ಗುರುತಿನ ರೆಕಾರ್ಡಿನ ಮ್ಯಾಲೆ 1964ರಲ್ಲಿ ಸಹಿ ಮಾಡಿಸಿದೆ ಅಂತ ಯಾರರ ಹೇಳಿದರ ಆ ಮಾತು ಅಲ್ಲೇ ಬಿತ್ತು.

ಮೂರನೇದು ಸಾಕ್ಷಿ. ಯಾವ ಊರು, ಯಾವ ದಿನ, ಜೊತೆಗೆ ಆಟದ ಚೀಟಿ, ಫೋಟೋ, ಪತ್ರ ಇದ್ದರೆ ಹಾಳಿಗೆ ಬಲ ಬರ್ತದ. ಬರೀ ಪ್ರಮಾಣಪತ್ರ ಸಾಲದು. 1990ರ ದಶಕದಲ್ಲಿ ಅಮೆರಿಕಾದ ಎಫ್‌ಬಿಐ ಪೊಲೀಸರು ಆಪರೇಷನ್ ಬುಲ್‌ಪೆನ್ ಎಂಬ ತನಿಖೆ ನಡೆಸಿ ದೊಡ್ಡ ಜಾಲ ಹಿಡಿದರು. ಹೆಚ್ಚಿನವು ಆಟಗಾರರ ಹೆಸರಿನ ಖೊಟ್ಟಿ ಸಹಿಗಳು. ಅವುಗಳ ಜೋಡಿ ಖೊಟ್ಟಿ ಪ್ರಮಾಣಪತ್ರಗಳೂ ಇದ್ದವು.

ಇನ್ನು ಬೆಲೆ. ನಾಲ್ವರೂ ಒಂದೇ ಹಾಳಿಯ ಮ್ಯಾಲೆ ಮಾಡಿದ ಸಹಿಗೆ ಬಿಡಿ ಬಿಡಿ ಸಹಿಗಿಂತ ಹೆಚ್ಚು ಬೆಲೆ. 1966ರ ಆಗಸ್ಟಿನಲ್ಲಿ ಇವರು ಊರೂರು ತಿರುಗಿ ಹಾಡುವುದು ನಿಲ್ಲಿಸಿದರು. ಆಮೇಲಿನ ನಾಲ್ಕು ಸಹಿ ಕೂಡಿದ ಹಾಳಿ ಬಹಳ ಅಪರೂಪ. 1967ರ ಸಾರ್ಜೆಂಟ್ ಪೆಪ್ಪರ್ಸ್ ರೆಕಾರ್ಡಿನ ಸಹಿ ಇದ್ದ ಒಂದು ಪ್ರತಿ 2013ರಲ್ಲಿ ಅಮೆರಿಕಾದ ಡಲ್ಲಾಸ್ ಲಿಲಾವಿನಲ್ಲಿ 2,90,500 ಡಾಲರಿಗೆ ಹೋಯಿತು. ಜಾನ್ 1980ರಲ್ಲಿ ಗುಂಡೇಟಿಗೆ ಸತ್ತ, ಜಾರ್ಜ್ 2001ರಲ್ಲಿ ತೀರಿಕೊಂಡ. 2008ರಲ್ಲಿ ರಿಂಗೋ, ಇನ್ನು ಅಂಚೆಯಲ್ಲಿ ಬಂದದ್ದಕ್ಕೆ ಸಹಿ ಮಾಡೂದಿಲ್ಲ ಅಂತ ಸಾರಿಬಿಟ್ಟ. ನಾಲ್ವರ ಹೊಸ ಹಾಳಿ ಇನ್ನು ಹುಟ್ಟೂದಿಲ್ಲ.

ಈ ಕಥೆಯೊಳಗ ನನಗ ಹಿಡಿಸಿದಾಕಿ ಫ್ರೀಡಾ ಕೆಲ್ಲಿ. ಹದಿನೇಳರ ಹುಡುಗಿ ಇದ್ದಾಗ ಬೀಟಲ್ಸರ ಕಚೇರಿಗೆ ಸೇರಿದಳು, ಅಭಿಮಾನಿ ಸಂಘದ ಪತ್ರವ್ಯವಹಾರ ವರ್ಷಗಟ್ಟಲೆ ನೋಡಿಕೊಂಡಳು. ಯಾರೋ ಒಬ್ಬಾಕಿ ತಲೆದಿಂಬಿನ ಚೀಲ ಕಳಿಸಿ, ರಿಂಗೋ ಇದರ ಮ್ಯಾಲೆ ಮಲಗಬೇಕು ಅಂತ ಬರೆದಿದ್ದಳು. ಫ್ರೀಡಾ ಅದನ್ನ ರಿಂಗೋನ ತಾಯಿಗೆ ಒಯ್ದು ಕೊಟ್ಟು, ಖರೇನೇ ಮಲಗಿಸಿ ಕಳಿಸಿದಳು. ಕಳಿಸಿದಾಕಿಗೆ ಗೊತ್ತಾಗದ ಸುಳ್ಳು ಹೇಳುವುದು ಎಷ್ಟು ಸಸಾರ ಇತ್ತು, ಆದರ ಆಕಿ ಹೇಳಲಿಲ್ಲ.

ನಮ್ಮ ಮನೆಗಳಲ್ಲಿ ಬೀಟಲ್ಸರ ಸಹಿ ಇರಲಿಕ್ಕಿಲ್ಲ. ಆದರ ಅಜ್ಜನ ಕೈಬರಹದ ಪದದ ವಹಿ, ಹಳೆ ಪತ್ರ, ಭಜನಿ ಮೇಳದ ಫೋಟೋ ಇದ್ದೇ ಇರ್ತಾವ. ಅದರ ಮ್ಯಾಲೆ ಏನೂ ಬರೀಬ್ಯಾಡ್ರಿ. ಬ್ಯಾರೆ ಚೀಟಿ ಮ್ಯಾಲೆ ಯಾರದು, ಯಾವ ವರ್ಷದ್ದು, ಯಾರ ಕೈಯಿಂದ ಬಂತು ಅಂತ ಬರೆದು ಜೋಡಿ ಇಡ್ರಿ. ಗುರುಗಳು ಶಾಲಿ ಮಕ್ಕಳ ಕೈಯಿಂದ ಇದನ್ನ ಮಾಡಿಸಬಹುದು. ಹೇಳುವ ಹಿರಿಯರು ಇರೂತನಕ ಕೇಳಿ ಬರೆದರ, ಮುಂದಿನವರು ಹಾಳಿ ನೋಡಿ ಅನುಮಾನ ಪಡೂದು ತಪ್ಪತದ.