ವೈಯಕ್ತಿಕ ಜಾಲತಾಣದ ಒಡೆಯರನ್ನು ಸಂಪರ್ಕಿಸುವ ವಿಧಾನಗಳು

ವೈಯಕ್ತಿಕ ಜಾಲತಾಣ ಎಂದರೆ ಒಬ್ಬ ವ್ಯಕ್ತಿಯು ಸ್ವಂತ ಹೆಸರಿನಲ್ಲಿಯೋ ಗುಪ್ತನಾಮದಲ್ಲಿಯೋ ತಾನೇ ನಡೆಸುವ ಅಂತರಜಾಲ ತಾಣ. ಅಂತಹ ತಾಣದ ಒಡೆಯರನ್ನು ಹೊರಗಿನವರು ತಲುಪಬೇಕಾದ ಸಂದರ್ಭಗಳು ಹಲವು: ಬರಹವನ್ನೋ ಛಾಯಾಚಿತ್ರವನ್ನೋ ಮರುಬಳಸಲು ಅನುಮತಿ ಕೇಳುವುದು, ಮಾಹಿತಿಯಲ್ಲಿನ ದೋಷವನ್ನು ತಿಳಿಸುವುದು, ತಾಣದ ಭದ್ರತೆಯಲ್ಲಿ ಕಂಡ ಬಿರುಕಿನ ಬಗ್ಗೆ ಎಚ್ಚರಿಸುವುದು, ತಮಗೆ ಸಂಬಂಧಿಸಿದ ವಿವರವನ್ನು ತೆಗೆಸುವುದು ಇತ್ಯಾದಿ. ಸಂಸ್ಥೆಯ ತಾಣಕ್ಕೆ ಕಚೇರಿಯೂ ಸಿಬ್ಬಂದಿಯೂ ಇರುತ್ತಾರೆ. ವೈಯಕ್ತಿಕ ತಾಣದ ಹಿಂದೆ ಇರುವುದು ಒಬ್ಬ ಮನುಷ್ಯ, ಅನೇಕ ವೇಳೆ ಅವರ ಮನೆಯ ವಿಳಾಸ. ಹೀಗಾಗಿ ಓದುಗರು ತಲುಪಬೇಕೆಂಬ ಅಗತ್ಯಕ್ಕೂ ಒಡೆಯರು ಮರೆಯಲ್ಲಿರಬೇಕೆಂಬ ಅಗತ್ಯಕ್ಕೂ ನಡುವೆ ಸದಾ ಎಳೆದಾಟವಿದೆ. ಅಂತರಜಾಲದ ಮೊದಲ ದಶಕಗಳಲ್ಲಿ ತಕ್ಕಡಿ ಮೊದಲನೆಯದರ ಕಡೆಗೆ ವಾಲಿತ್ತು. 2018ರ ಅನಂತರ ಎರಡನೆಯದರ ಕಡೆಗೆ ವಾಲಿದೆ.

ಹಿನ್ನೆಲೆ

ಗಣಕಜಾಲಗಳ ಆರಂಭದ ದಿನಗಳಲ್ಲಿ ಯಾರು ಎಲ್ಲಿದ್ದಾರೆ ಎಂಬುದು ಗುಟ್ಟಿನ ಸಂಗತಿಯಾಗಿರಲಿಲ್ಲ. 1971ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಲೆಸ್ ಅರ್ನೆಸ್ಟ್ ಅವರು ರಚಿಸಿದ ‘ಫಿಂಗರ್’ ಎಂಬ ತಂತ್ರಾಂಶವು ಗಣಕವನ್ನು ಬಳಸುತ್ತಿರುವವರು ಯಾರೆಂಬುದನ್ನು ಅವರ ಹೆಸರಿನೊಡನೆ ತಿಳಿಸುತ್ತಿತ್ತು. ಅಂತರಜಾಲದ ತಾಂತ್ರಿಕ ನಿಯಮಗಳನ್ನು ಪ್ರಕಟಿಸುವ ‘ಆರ್‌ಎಫ್‌ಸಿ’ ದಾಖಲೆಮಾಲೆಯ 812ನೆಯ ಸಂಖ್ಯೆ 1982ರ ಮಾರ್ಚ್‌ನಲ್ಲಿ ಹೊರಬಂದಿತು. ‘ಯಾರಿವರು’ ಎಂಬ ಅರ್ಥದ ‘ಹೂ ಈಸ್’ ವಿಚಾರಣಾ ಸೇವೆಯನ್ನು ವಿವರಿಸಿದ್ದು ಅದೇ. ಈ ಸೇವೆಯನ್ನು ಪರಿಷ್ಕರಿಸಿದ 1985ರ ಆರ್‌ಎಫ್‌ಸಿ 954, ಜಾಲಕ್ಕೆ ಸಂಪರ್ಕವುಳ್ಳ ಪ್ರತಿಯೊಬ್ಬ ಬಳಕೆದಾರರೂ ತಮ್ಮ ಹೆಸರು, ಅಂಚೆ ವಿಳಾಸ, ದೂರವಾಣಿ ಸಂಖ್ಯೆ ಮತ್ತು ಇಮೇಲ್ ವಿಳಾಸವನ್ನು ನೋಂದಾಯಿಸಬೇಕೆಂದು ಕೋರಿತ್ತು. ಊರಿನ ದೂರವಾಣಿ ಕೈಪಿಡಿಯಲ್ಲಿ ಹೆಸರಿರುವುದು ಗೌರವದ ವಿಷಯವಾಗಿದ್ದ ಕಾಲದ ಮನೋಭಾವ ಇದು.

ವಿಶ್ವವ್ಯಾಪಿ ಜಾಲವೂ ಇದೇ ನಂಬಿಕೆಯ ಮೇಲೆ ಬೆಳೆಯಿತು. ಪುಟದ ಕರ್ತೃವಿನ ಸಂಪರ್ಕ ವಿವರ ಬರೆಯಲೆಂದೇ ಎಚ್‌ಟಿಎಂಎಲ್ ಭಾಷೆಯಲ್ಲಿ ‘ಅಡ್ರೆಸ್’ ಎಂಬ ಅಂಶ ಮೊದಲಿನಿಂದಲೂ ಇದೆ. ಕೇವಲ ಅಕ್ಷರಗಳನ್ನು ತೋರಿಸುವ ‘ಲಿಂಕ್ಸ್’ ಬ್ರೌಸರಿನಲ್ಲಿ ‘ಸಿ’ ಕೀಲಿಯನ್ನು ಒತ್ತಿದರೆ, ಒಡೆಯರ ವಿಳಾಸ ಪುಟದಲ್ಲಿ ಅಡಕವಾಗಿದ್ದಲ್ಲಿ ಅವರಿಗೆ ನೇರವಾಗಿ ಪತ್ರ ಬರೆಯುವ ಅವಕಾಶವಿತ್ತು. 1997ರ ಮೇ ತಿಂಗಳ ಆರ್‌ಎಫ್‌ಸಿ 2142, ಡೊಮೈನ್ ಹೆಸರಿನ ಹಿಂದೆ ‘ವೆಬ್‌ಮಾಸ್ಟರ್’, ‘ಪೋಸ್ಟ್‌ಮಾಸ್ಟರ್’, ‘ಅಬ್ಯೂಸ್’ ಮುಂತಾದ ಪದಗಳನ್ನು ಸೇರಿಸಿದ ವಿಳಾಸಗಳನ್ನು ಗೊತ್ತುಪಡಿಸಿತು. ಸ್ವಂತ ಡೊಮೈನ್ ಹೊಂದಿದ ಹಳೆಯ ತಾಣಗಳಲ್ಲಿ ಈ ವಿಳಾಸಗಳಿಗೆ ಇಂದಿಗೂ ಕೆಲವೊಮ್ಮೆ ಉತ್ತರ ಬರುವುದುಂಟು.

ತಾಣದ ಒಳಗಿನ ದಾರಿಗಳು

ಮೊದಲು ನೋಡಬೇಕಾದುದು ‘ಸಂಪರ್ಕಿಸಿ’ ಅಥವಾ ‘ನನ್ನ ಬಗ್ಗೆ’ ಪುಟ ಹಾಗೂ ಪ್ರತಿ ಪುಟದ ಅಡಿಭಾಗ. ಹಿಂದೆ ಇಲ್ಲಿ ಇಮೇಲ್ ವಿಳಾಸವೇ ಕೊಂಡಿಯಾಗಿ ಇರುತ್ತಿತ್ತು. ಜಾಲವನ್ನು ಜಾಲಾಡಿ ವಿಳಾಸಗಳನ್ನು ಹೆಕ್ಕುವ ಸ್ವಯಂಚಾಲಿತ ತಂತ್ರಾಂಶಗಳು ಬಂದ ಮೇಲೆ, ಬಹಿರಂಗ ವಿಳಾಸಕ್ಕೆ ರದ್ದಿ ಪತ್ರಗಳ ಹೊರೆ ಬೀಳತೊಡಗಿತು. ಒಡೆಯರು ಅಟ್ ಚಿಹ್ನೆಯ ಬದಲು ‘ಅಟ್’ ಎಂಬ ಪದವನ್ನೇ ಬರೆದರು, ವಿಳಾಸವನ್ನು ಚಿತ್ರವಾಗಿ ಹಾಕಿದರು. ಕೊನೆಗೆ ಅನೇಕರು ಸಂಪರ್ಕ ನಮೂನೆಯನ್ನು ಅವಲಂಬಿಸಿದರು. ವಿಳಾಸವನ್ನು ಚಿತ್ರವಾಗಿಸಿದರೆ ಪರದೆವಾಚಕ ಬಳಸುವ ಅಂಧ ಓದುಗರಿಗೆ ಅದು ತಲುಪುವುದೇ ಇಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ನಮೂನೆಯಲ್ಲಿ ಒಡೆಯರ ವಿಳಾಸ ಮರೆಯಲ್ಲಿರುತ್ತದೆ. ಆದರೆ ಅದಕ್ಕೆ ತನ್ನದೇ ತೊಡಕುಗಳಿವೆ. ಕಳುಹಿಸಿದವರ ಬಳಿ ಬಹುತೇಕ ಪ್ರತಿ ಉಳಿಯುವುದಿಲ್ಲ. ಕೆಲವು ನಮೂನೆಗಳು ಓದುಗರ ವಿಳಾಸದಿಂದಲೇ ಪತ್ರ ಹೊರಟಂತೆ ತೋರಿಸುತ್ತವೆ. ಸ್ವೀಕರಿಸುವ ಅಂಚೆ ಸರ್ವರ್ ಅದನ್ನು ಖೋಟಾ ಎಂದು ಬಗೆದು ತಿರಸ್ಕರಿಸುತ್ತದೆ, ಪರದೆಯ ಮೇಲೆ ಮಾತ್ರ ‘ಧನ್ಯವಾದಗಳು, ನಿಮ್ಮ ಸಂದೇಶ ತಲುಪಿದೆ’ ಎಂದಿರುತ್ತದೆ. ಒಡೆಯರು ಅಲಕ್ಷಿಸಿದರು ಎಂದು ಓದುಗರು ನೊಂದುಕೊಳ್ಳುವ ಎಷ್ಟೋ ಸಂದರ್ಭಗಳಲ್ಲಿ ಪತ್ರ ಅವರಿಗೆ ಮುಟ್ಟಿರುವುದೇ ಇಲ್ಲ. ಆದುದರಿಂದ ನಮೂನೆಯಲ್ಲಿ ಬರೆಯುವ ಮೊದಲು ಪಠ್ಯವನ್ನು ಬೇರೆಡೆ ಉಳಿಸಿಕೊಳ್ಳುವುದು ಒಳಿತು.

ಕಣ್ಣಿಗೆ ಕಾಣದ ಕೆಲವು ಎಡೆಗಳೂ ಉಂಟು. ತಾಣವು ಆರ್‌ಎಸ್‌ಎಸ್ ಫೀಡ್ ನೀಡುತ್ತಿದ್ದರೆ, ಆ ಕಡತದಲ್ಲಿ ಸಂಪಾದಕರ ಹಾಗೂ ತಾಂತ್ರಿಕ ಹೊಣೆಗಾರರ ಇಮೇಲ್‌ಗಾಗಿ ಪ್ರತ್ಯೇಕ ಅಂಶಗಳಿರುತ್ತವೆ. ಭದ್ರತಾ ದೋಷಗಳನ್ನು ವರದಿ ಮಾಡಲು 2022ರ ಏಪ್ರಿಲ್‌ನ ಆರ್‌ಎಫ್‌ಸಿ 9116, ‘ಸೆಕ್ಯುರಿಟಿ ಡಾಟ್ ಟಿಎಕ್ಸ್‌ಟಿ’ ಎಂಬ ಚಿಕ್ಕ ಪಠ್ಯ ಕಡತವನ್ನು ಸೂಚಿಸಿದೆ; ಅದರಲ್ಲಿ ಸಂಪರ್ಕ ವಿವರ ಮತ್ತು ಆ ವಿವರದ ಅವಧಿ ಮುಗಿಯುವ ದಿನಾಂಕ ಎರಡೂ ಕಡ್ಡಾಯ. ಸಂಪರ್ಕ ವಿವರವೂ ಹಳಸುತ್ತದೆ ಎಂಬುದನ್ನು ನಿಯಮದಲ್ಲೇ ಒಪ್ಪಿಕೊಂಡಿರುವುದು ಮೆಚ್ಚತಕ್ಕ ವಿಷಯ.

ಡೊಮೈನ್ ನೋಂದಣಿಯ ದಾಖಲೆ

ತಾಣದಲ್ಲಿ ಏನೂ ದೊರೆಯದಿದ್ದರೆ ಡೊಮೈನ್ ಹೆಸರಿನ ನೋಂದಣಿ ದಾಖಲೆಯನ್ನು ಪರಿಶೀಲಿಸಬಹುದು. ಹೂ ಈಸ್ ಸೇವೆಯು ಟಿಸಿಪಿ 43ನೆಯ ಪೋರ್ಟಿನಲ್ಲಿ ಕೆಲಸ ಮಾಡುತ್ತಿತ್ತು. ಡೊಮೈನ್ ಹೆಸರನ್ನು ಕೊಟ್ಟರೆ ನೋಂದಾಯಿಸಿದವರ ಹೆಸರು, ಮನೆ ವಿಳಾಸ, ದೂರವಾಣಿ, ಇಮೇಲ್ ಎಲ್ಲವನ್ನೂ ಯಾರಿಗೆ ಬೇಕಾದರೂ ತೋರಿಸುತ್ತಿತ್ತು. ಕವಿತೆಗಳನ್ನೋ ಅಡುಗೆಯ ಟಿಪ್ಪಣಿಗಳನ್ನೋ ಪ್ರಕಟಿಸಲು ತಾಣ ತೆರೆದ ಗೃಹಿಣಿಯೊಬ್ಬರ ಮನೆ ಬಾಗಿಲು ಅಪರಿಚಿತರಿಗೆ ತಿಳಿಯುವ ವ್ಯವಸ್ಥೆ ಇದಾಗಿತ್ತು. ಇದರಿಂದ ಪಾರಾಗಲು ಹಲವರು ಶುಲ್ಕ ತೆತ್ತು ಪ್ರತಿನಿಧಿ ಸಂಸ್ಥೆಯ ವಿಳಾಸವನ್ನು ನಮೂದಿಸುತ್ತಿದ್ದರು, ಇನ್ನು ಕೆಲವರು ಸುಳ್ಳು ವಿಳಾಸ ಕೊಡುತ್ತಿದ್ದರು.

ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ನಿಯಮಾವಳಿಯಾದ ಜಿಡಿಪಿಆರ್ 2018ರ ಮೇ 25ರಂದು ಜಾರಿಗೆ ಬಂದಾಗ ಚಿತ್ರವೇ ಬದಲಾಯಿತು. ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ಸಂಯೋಜಿಸುವ ಐಕ್ಯಾನ್ ಸಂಸ್ಥೆ ಅದೇ ತಿಂಗಳ 17ರಂದು ತಾತ್ಕಾಲಿಕ ನಿಯಮವೊಂದನ್ನು ಅಂಗೀಕರಿಸಿ, ವೈಯಕ್ತಿಕ ವಿವರಗಳನ್ನು ಬಹಿರಂಗ ದಾಖಲೆಯಿಂದ ಮರೆಮಾಡಲು ಅವಕಾಶ ನೀಡಿತು. ಆದರೆ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ: ಡೊಮೈನ್ ಒಡೆಯರ ಗುರುತು ಬಯಲಾಗದಂತೆ ಅವರಿಗೆ ಸಂದೇಶ ತಲುಪಿಸುವ ಮಧ್ಯಂತರ ಇಮೇಲ್ ವಿಳಾಸ ಅಥವಾ ಜಾಲ ನಮೂನೆಯನ್ನು ನೋಂದಣಿ ಸಂಸ್ಥೆಗಳು ಒದಗಿಸಬೇಕೆಂದು ವಿಧಿಸಿತು. ಈ ದಾರಿಯ ಅರಿವು ಜನಸಾಮಾನ್ಯರಿಗೆ ಕಡಿಮೆ. ದಾಖಲೆಯಲ್ಲಿ ‘ಗೋಪ್ಯತೆಗಾಗಿ ಮರೆಮಾಡಲಾಗಿದೆ’ ಎಂಬ ಮಾತನ್ನು ಕಂಡೊಡನೆ ಹುಡುಕಾಟ ನಿಲ್ಲಿಸುವವರೇ ಹೆಚ್ಚು. ಇಮೇಲ್ ಸ್ಥಾನದಲ್ಲಿರುವ ಕೊಂಡಿಯನ್ನು ಗಮನಿಸಿದರೆ ನೋಂದಣಿ ಸಂಸ್ಥೆಯ ನಮೂನೆ ಅಲ್ಲಿಯೇ ದೊರೆಯಬಹುದು.

ಹೂ ಈಸ್‌ನ ಉತ್ತರಾಧಿಕಾರಿಯಾಗಿ ‘ಆರ್‌ಡಿಎಪಿ’ ಎಂಬ ಹೊಸ ನಿಯಮಾವಳಿ 2015ರಲ್ಲಿ ರೂಪುಗೊಂಡಿತು. ಡಾಟ್ ಕಾಂ, ಡಾಟ್ ಆರ್ಗ್ ಮೊದಲಾದ ಸಾಮಾನ್ಯ ವರ್ಗದ ಡೊಮೈನ್‌ಗಳಿಗೆ ಹೂ ಈಸ್ ಸೇವೆ ನೀಡಬೇಕೆಂಬ ಕಡ್ಡಾಯ 2025ರ ಜನವರಿ 28ರಂದು ಕೊನೆಗೊಂಡಿತು. ಭಾರತದ ಡಾಟ್ ಇನ್ ಡೊಮೈನ್‌ಗಳ ದಾಖಲೆಯನ್ನು ನಿಕ್ಸಿ ಎಂಬ ಹೆಸರಿನ ‘ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ’ ನಿರ್ವಹಿಸುತ್ತದೆ. ವರ್ಡ್‌ಪ್ರೆಸ್, ಬ್ಲಾಗರ್, ಗಿಟ್‌ಹಬ್ ಮೊದಲಾದ ವೇದಿಕೆಗಳ ಉಪಹೆಸರಿನಲ್ಲಿರುವ ತಾಣಗಳಿಗೆ ಈ ವಿಧಾನ ನಿರುಪಯುಕ್ತ. ಅಲ್ಲಿ ದೊರೆಯುವುದು ವೇದಿಕೆಯ ಹೆಸರು ಮಾತ್ರ.

ಕಾನೂನಿನ ಮಾತು

ಜರ್ಮನಿಯಲ್ಲಿ ವ್ಯಾವಹಾರಿಕ ಸ್ವರೂಪದ ತಾಣಗಳು ಹೆಸರು ಮತ್ತು ವಿಳಾಸವುಳ್ಳ ‘ಇಂಪ್ರೆಸುಮ್’ ಪುಟವನ್ನು ಹೊಂದಿರಲೇಬೇಕು. ಕೇವಲ ಖಾಸಗಿ, ಕೌಟುಂಬಿಕ ಉದ್ದೇಶದ ತಾಣಗಳಿಗೆ ವಿನಾಯಿತಿಯಿದೆ. ಭಾರತದಲ್ಲಿ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಮಧ್ಯವರ್ತಿ ವೇದಿಕೆಗಳು ಕುಂದುಕೊರತೆ ಅಧಿಕಾರಿಯ ಹೆಸರನ್ನೂ ಸಂಪರ್ಕ ವಿವರವನ್ನೂ ಪ್ರಕಟಿಸಬೇಕು. ದೂರನ್ನು 24 ಗಂಟೆಗಳಲ್ಲಿ ಸ್ವೀಕೃತಿಗೊಳಿಸಿ ನಿಗದಿತ ಅವಧಿಯಲ್ಲಿ ಇತ್ಯರ್ಥಪಡಿಸಬೇಕು. ನಿಂದನೆ ಅಥವಾ ಕೃತಿಚೌರ್ಯದಂತಹ ದೂರುಗಳಿಗೆ ಈ ಮಾರ್ಗ ತಕ್ಕುದು. ಅನುಮತಿ ಕೇಳುವ ವಿನಯದ ಪತ್ರಕ್ಕೆ ಇದನ್ನು ಬಳಸುವುದು ಉಚಿತವಲ್ಲ.

ಕನ್ನಡದ ತಾಣಗಳು

ಯೂನಿಕೋಡ್ ಪೂರ್ವದ ಕನ್ನಡ ತಾಣಗಳಲ್ಲಿ ಅಕ್ಷರಗಳು ಆಯಾ ಫಾಂಟಿನ ಸಂಕೇತಗಳಲ್ಲಿ ಅಡಗಿದ್ದವು. ಆ ಫಾಂಟ್ ಇಲ್ಲದ ಇಂದಿನ ಗಣಕದಲ್ಲಿ ಪುಟ ತೆರೆದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಹುಡುಕುಯಂತ್ರಕ್ಕೂ ‘ಸಂಪರ್ಕ’ ಎಂಬ ಪದ ಸಿಗದು. ಆದರೆ ಇಮೇಲ್ ಕೊಂಡಿ ರೋಮನ್ ಲಿಪಿಯಲ್ಲಿಯೇ ಇರುವುದರಿಂದ, ಪುಟದ ಮೂಲಪಠ್ಯವನ್ನು ತೆರೆದು ಅಟ್ ಚಿಹ್ನೆಯನ್ನು ಹುಡುಕಿದರೆ ವಿಳಾಸ ಸಿಗುವ ಸಾಧ್ಯತೆಯಿದೆ. ಇಂದು ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಡೊಮೈನ್ ಪಡೆಯಬಹುದು. ಕನ್ನಡ ಅಕ್ಷರಗಳ ಇಮೇಲ್ ವಿಳಾಸಕ್ಕೂ 2012ರ ಆರ್‌ಎಫ್‌ಸಿ 6531 ದಾರಿ ಮಾಡಿಕೊಟ್ಟಿದೆ. ಆದರೂ ಅನೇಕ ನಮೂನೆಗಳು ಅಂತಹ ವಿಳಾಸವನ್ನು ‘ತಪ್ಪು’ ಎಂದು ಹಿಂದಿರುಗಿಸುತ್ತವೆ.

ಅನುಮತಿ ಪತ್ರ

ವಿದ್ಯಾರ್ಥಿಗಳು ಬರೆಯುವ ಪತ್ರಗಳಲ್ಲಿ ಹೆಚ್ಚಿನವು ‘ನಿಮ್ಮ ತಾಣ ಚೆನ್ನಾಗಿದೆ, ಬಳಸಿಕೊಳ್ಳಬಹುದೇ’ ಎಂಬ ಒಂದು ಸಾಲಿನಲ್ಲಿ ಮುಗಿಯುತ್ತವೆ. ಯಾವ ಪುಟದ ಯಾವ ಭಾಗ, ಎಲ್ಲಿ, ಯಾವ ಉದ್ದೇಶಕ್ಕೆ, ಮಾರಾಟಕ್ಕೋ ಅಲ್ಲವೋ, ಕರ್ತೃವಿನ ಹೆಸರನ್ನು ಹೇಗೆ ನಮೂದಿಸಲಾಗುವುದು ಎಂಬುದನ್ನು ತಿಳಿಸಿದರೆ ಒಡೆಯರಿಗೆ ‘ಆಗಲಿ’ ಎನ್ನುವುದು ಸುಲಭ. ಅಪರಿಚಿತರ ಲಗತ್ತುಗಳನ್ನು ಯಾರೂ ತೆರೆಯುವುದಿಲ್ಲವಾದುದರಿಂದ ಎಲ್ಲವನ್ನೂ ಪತ್ರದ ಒಡಲಿನಲ್ಲೇ ಬರೆಯಬೇಕು. 1957ರ ಕೃತಿಸ್ವಾಮ್ಯ ಅಧಿನಿಯಮದ 30ನೆಯ ಪ್ರಕರಣದಂತೆ ಪರವಾನಗಿಯು ಬರಹದಲ್ಲಿರಬೇಕು; ಉತ್ತರ ಬಾರದಿರುವುದನ್ನು ಸಮ್ಮತಿ ಎಂದು ಭಾವಿಸುವಂತಿಲ್ಲ. ತಾಣದ ಒಡೆಯರೇ ಅಲ್ಲಿನ ಎಲ್ಲ ಚಿತ್ರಗಳ ಹಕ್ಕುದಾರರು ಎಂದೂ ಹೇಳಲಾಗದು.

ಉತ್ತರ ಬಾರದ ತಾಣಗಳು

ಅಳಿದುಹೋದ ಪುಟಗಳ ಹಳೆಯ ಪ್ರತಿಗಳು ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯು 2001ರಲ್ಲಿ ಸಾರ್ವಜನಿಕರಿಗೆ ತೆರೆದ ‘ವೇಬ್ಯಾಕ್ ಮಷೀನ್’ನಲ್ಲಿ ಉಳಿದಿರಬಹುದು; ಈಗಿನ ಪುಟದಲ್ಲಿ ಇಲ್ಲದ ಇಮೇಲ್ ಅಲ್ಲಿ ಇರಬಹುದು. ಇಲ್ಲೊಂದು ಅಪಾಯವಿದೆ. ನವೀಕರಿಸದ ಡೊಮೈನ್ ಹೆಸರು ಗೊತ್ತುಪಡಿಸಿದ ಅವಧಿಯ ಅನಂತರ ಯಾರಿಗಾದರೂ ದೊರೆಯುತ್ತದೆ, ಆಗ ಹಳೆಯ ಒಡೆಯರ ವಿಳಾಸಕ್ಕೆ ಬರೆದ ಪತ್ರವನ್ನು ಓದುವವರು ಹೊಸ ಒಡೆಯರು. ಆದುದರಿಂದ ನೋಂದಣಿ ದಾಖಲೆಯಲ್ಲಿ ಮರೆಮಾಡದೆ ತೋರಿಸುವ ‘ಸೃಷ್ಟಿಸಿದ ದಿನಾಂಕ’ವನ್ನು ಮೊದಲು ನೋಡಬೇಕು, ಅದು ತಾಣದ ಹಳೆಯ ಬರಹಗಳಿಗಿಂತ ಈಚಿನದಾಗಿದ್ದರೆ ಡೊಮೈನ್ ಕೈ ಬದಲಿಸಿರುವ ಸಂಭವವಿದೆ, ಗೋಪ್ಯ ವಿಷಯಗಳನ್ನು ಬರೆಯಬಾರದು.

ಕರ್ತೃ ತೀರಿಕೊಂಡಿದ್ದರೂ ಭಾರತದಲ್ಲಿ ಅವರ ಬರಹದ ಕೃತಿಸ್ವಾಮ್ಯ ಇನ್ನೂ 60 ವರ್ಷ ವಾರಸುದಾರರಲ್ಲಿ ಉಳಿಯುತ್ತದೆ. ಕರ್ತೃ ಮೃತರಾಗಿದ್ದು ಅಥವಾ ಅವರ ಪತ್ತೆಯಾಗದೆ ಇದ್ದು, ಕೃತಿ ಸಾರ್ವಜನಿಕರಿಗೆ ಸಿಗದಂತಾಗಿದ್ದಲ್ಲಿ ಅಧಿನಿಯಮದ 31ಎ ಪ್ರಕರಣದಡಿ ಪರವಾನಗಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಅದಕ್ಕೆ ಮೊದಲು ಅರ್ಜಿದಾರರು ದೇಶದ ಹೆಚ್ಚಿನ ಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ತಮ್ಮ ಪ್ರಸ್ತಾವವನ್ನು ಪ್ರಕಟಿಸಬೇಕು. ಕನ್ನಡಕ್ಕೆ ಅನುವಾದಿಸಿ ಪ್ರಕಟಿಸುವುದಾದರೆ ಕನ್ನಡ ದಿನಪತ್ರಿಕೆಯೊಂದರಲ್ಲಿಯೂ ಪ್ರಕಟಿಸಬೇಕು.