ಸಾರ್ವಜನಿಕ ವಸತಿಯಲ್ಲಿ ನಿವಾಸಿಗಳ ಪಾಲ್ಗೊಳ್ಳುವಿಕೆ ಮತ್ತು ಸುರಕ್ಷತೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ

ಸ್ವಂತ ಆದಾಯದಿಂದ ಮನೆ ಕಟ್ಟಿಕೊಳ್ಳಲಾಗದ ಕುಟುಂಬಗಳಿಗೆ ಸರ್ಕಾರವು ತಾನೇ ಕಟ್ಟಿಸಿಕೊಡುವ ಅಥವಾ ಸಹಾಯಧನ ನೀಡಿ ಕಟ್ಟಿಸುವ ಮನೆಗಳ ವ್ಯವಸ್ಥೆಗೆ ಸಾರ್ವಜನಿಕ ವಸತಿ ಎಂದು ಹೆಸರು. ಯುರೋಪಿನ ಹಲವು ದೇಶಗಳಲ್ಲಿ ಇಂಥ ಮನೆಗಳ ಒಡೆತನ ನಗರಸಭೆ ಅಥವಾ ವಸತಿ ಸಂಘದ ಬಳಿ ಉಳಿದು, ನಿವಾಸಿಗಳು ಬಾಡಿಗೆದಾರರಾಗಿರುತ್ತಾರೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಗ್ರಾಮೀಣ ಭಾಗಗಳಲ್ಲಿ ನಿವಾಸಿಯು ಬಾಡಿಗೆದಾರನಲ್ಲದೆ ‘ಫಲಾನುಭವಿ’ಯಾಗಿದ್ದು, ಸಹಾಯಧನ ಪಡೆದು ಮನೆ ಕಟ್ಟಿಸುವವನೂ ಅದರ ಒಡೆಯನೂ ಅವನೇ ಆಗಿರುವುದರಿಂದ, ಕಟ್ಟಡದ ಸುರಕ್ಷತೆಯ ಹೊಣೆಯೂ ಬಹುಮಟ್ಟಿಗೆ ಅವನ ಮೇಲೆಯೇ ಬೀಳುತ್ತದೆ.

ಹಿನ್ನೆಲೆ

ಕರ್ನಾಟಕದ ಹಳ್ಳಿಗಳಲ್ಲಿ ಬಡವರ ವಸತಿ ಯೋಜನೆಗಳು 1970ರ ದಶಕದಲ್ಲಿ, ಡಿ. ದೇವರಾಜ ಅರಸು ಅವರ ಆಡಳಿತ ಕಾಲದ ಜನತಾ ಮನೆಗಳ ಮೂಲಕ ವ್ಯಾಪಕವಾಗಿ ಪರಿಚಿತವಾದವು. ಊರ ಹೊರಗೆ ಸಾಲಾಗಿ ಎದ್ದುನಿಂತ ಇಂಥ ಮನೆಗಳ ಬಡಾವಣೆಗಳನ್ನು ಜನ ಇಂದಿಗೂ ಜನತಾ ಕಾಲೋನಿ ಎಂದೇ ಕರೆಯುತ್ತಾರೆ. ಕೇಂದ್ರ ಸರ್ಕಾರದ ಇಂದಿರಾ ಆವಾಸ್ ಯೋಜನೆ 1985ರಲ್ಲಿ, ರಾಜ್ಯದ ಆಶ್ರಯ ಯೋಜನೆ 1991-92ರಲ್ಲಿ ಜಾರಿಗೆ ಬಂದವು. ಈ ಯೋಜನೆಗಳ ಅನುಷ್ಠಾನಕ್ಕಾಗಿ ರಾಜ್ಯ ಸರ್ಕಾರವು 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವನ್ನು ಸ್ಥಾಪಿಸಿತು. ಆನಂತರ ಬಸವ ವಸತಿ ಯೋಜನೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗಾಗಿ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ, ವಿಶೇಷ ವರ್ಗದವರಿಗಾಗಿ ದೇವರಾಜ ಅರಸು ವಸತಿ ಯೋಜನೆಗಳು ಇದೇ ನಿಗಮದ ಮೂಲಕ ನಡೆದವು. 2016ರಲ್ಲಿ ಇಂದಿರಾ ಆವಾಸ್ ಯೋಜನೆಯ ಸ್ಥಾನವನ್ನು ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಪಡೆಯಿತು.

ಪಾಲ್ಗೊಳ್ಳುವಿಕೆಯ ಬಗೆಗಳು

ನಿವಾಸಿಗಳು ಪಾಲ್ಗೊಳ್ಳುವ ಮೊದಲ ಹಂತ ಆಯ್ಕೆಯದು. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದಡಿ ಹಳ್ಳಿಗಳಲ್ಲಿ ಫಲಾನುಭವಿಗಳ ಪಟ್ಟಿ ಗ್ರಾಮಸಭೆಯ ಮುಂದೆ ಬರಬೇಕಾಗಿದ್ದು, ಮತದಾರರೆಲ್ಲರೂ ಸದಸ್ಯರಾಗಿರುವ ಆ ಸಭೆಯಲ್ಲಿ ಅರ್ಹತೆಯನ್ನು ಪ್ರಶ್ನಿಸಲು ಯಾರಿಗಾದರೂ ಅವಕಾಶವಿದೆ. ಪಟ್ಟಣಗಳಲ್ಲಿ ಈ ಕೆಲಸ ಕ್ಷೇತ್ರದ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಗೆ ಸೇರಿದ್ದರಿಂದ, ಶಿರಾ ನಗರಸಭೆ ಅಥವಾ ಮಧುಗಿರಿ ಪುರಸಭೆಯ ವ್ಯಾಪ್ತಿಯ ಅರ್ಜಿದಾರರಿಗೆ ನೇರವಾಗಿ ದನಿಯೆತ್ತುವ ಅವಕಾಶ ಹಳ್ಳಿಯವರಿಗಿಂತ ಕಡಿಮೆ.

ಎರಡನೆಯ ಹಂತ ನಿರ್ಮಾಣದ್ದು. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಿಯಮದಂತೆ ಗುತ್ತಿಗೆದಾರರನ್ನು ತೊಡಗಿಸದೆ ಫಲಾನುಭವಿಯೇ ಮನೆ ಕಟ್ಟಿಸಬೇಕು. ಬಯಲುಸೀಮೆಯಲ್ಲಿ 1.20 ಲಕ್ಷ ರೂಪಾಯಿ ಸಹಾಯಧನದ ಜೊತೆಗೆ ಉದ್ಯೋಗ ಖಾತರಿ ಯೋಜನೆಯಿಂದ 90 ಮಾನವ ದಿನಗಳ ಕೂಲಿ ಸೇರಿಸಿಕೊಳ್ಳಲು ಈ ಯೋಜನೆ ಅವಕಾಶ ನೀಡಿತು. ರಾಜ್ಯದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಚಾವಣಿ, ಪೂರ್ಣ ಎಂಬ ನಾಲ್ಕು ಹಂತಗಳಲ್ಲಿ ಜಿಪಿಎಸ್ ಛಾಯಾಚಿತ್ರ ತೆಗೆದ ಮೇಲೆ ಕಂತು ಬಿಡುಗಡೆಯಾಗುತ್ತದೆ. ಹಳ್ಳಿಯ ಮಾತಿನಲ್ಲಿ ಇದಕ್ಕೆ ‘ಬಿಲ್ಲು ಆಗುವುದು’ ಎನ್ನುತ್ತಾರೆ. ಮೂರನೆಯದಾದ ಸಾಮಾಜಿಕ ಲೆಕ್ಕಪರಿಶೋಧನೆ ಎಂದರೆ ವೆಚ್ಚ ಮತ್ತು ಕಾಮಗಾರಿಯನ್ನು ಊರಿನವರ ಮುಂದೆಯೇ ಓದಿ ತಾಳೆ ನೋಡುವ ಕ್ರಮ.

ಈ ಮೂರೂ ವಿಧಾನಗಳು ಹಣ ಅರ್ಹರಿಗೆ ತಲುಪಿತೇ, ಕೆಲಸ ಮುಗಿಯಿತೇ ಎಂಬುದನ್ನು ಪರೀಕ್ಷಿಸಲು ರೂಪುಗೊಂಡವು. ಗೋಡೆ ಎದ್ದಿರುವುದನ್ನು ಛಾಯಾಚಿತ್ರ ತೋರಿಸಬಲ್ಲದು, ಗಾರೆಯಲ್ಲಿ ಸಿಮೆಂಟಿನ ಪ್ರಮಾಣ ಎಷ್ಟು, ಚಾವಣಿಗೆ ಹಾಕಿದ ಕಂಬಿ ಯಾವ ಗಾತ್ರದ್ದು ಎಂಬುದನ್ನು ತೋರಿಸಲಾರದು.

ಸುರಕ್ಷತಾ ಮಾನದಂಡಗಳು

ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿದ ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಮೊದಲು ರೂಪುಗೊಂಡು 2016ರಲ್ಲಿ ಪರಿಷ್ಕೃತವಾಯಿತು. ರಚನೆಯ ಭದ್ರತೆ, ಬೆಂಕಿಯಿಂದ ರಕ್ಷಣೆ, ವಿದ್ಯುತ್ ಜೋಡಣೆ ಮೊದಲಾದವನ್ನು ಒಳಗೊಂಡ ಈ ಸಂಹಿತೆ ತಾನಾಗಿಯೇ ಕಡ್ಡಾಯವಲ್ಲ, ಸ್ಥಳೀಯ ಸಂಸ್ಥೆಗಳ ಉಪವಿಧಿಗಳಲ್ಲಿ ಅಳವಟ್ಟಾಗ ಮಾತ್ರ ಅದಕ್ಕೆ ಕಾನೂನಿನ ಬಲ ಬರುತ್ತದೆ. ವಸತಿ ಯೋಜನೆಯ ಕಡೆಯಿಂದ ಇರುವ ಮುಖ್ಯ ಅಳತೆಯೆಂದರೆ ಅಡುಗೆ ಮಾಡುವ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ವಿಸ್ತೀರ್ಣ. ಕೌಶಲದ ಕೊರತೆ ನೀಗಲೆಂದು ಗ್ರಾಮೀಣ ಗಾರೆ ಕೆಲಸಗಾರರಿಗೆ ತರಬೇತಿ ನೀಡುವ ವ್ಯವಸ್ಥೆಯನ್ನೂ ಕೇಂದ್ರದ ಯೋಜನೆ ಒಳಗೊಂಡಿದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಮನೆಗೆ ಎದುರಾಗುವ ಅಪಾಯ ಹೆಚ್ಚಾಗಿ ನೀರಿನಿಂದ ಬರುತ್ತದೆ. ಬರಪೀಡಿತ ಪ್ರದೇಶವಾದ್ದರಿಂದ ಒಣಹವೆಗೆ ಹೊಂದುವಂತೆ ಕಲ್ಲು ಮತ್ತು ಮಣ್ಣಿನ ಗೋಡೆಯ ಮೇಲೆ ತೊಲೆ ಜೋಡಿಸಿ ಮಣ್ಣು ಹರವಿದ ಮಾಳಿಗೆ ಮನೆಗಳೂ, ಕಲ್ಲು ಹೇರಳವಾಗಿ ಸಿಗುವ ಕಡೆ ಚಪ್ಪಡಿ ಹೊದಿಸಿದ ಮನೆಗಳೂ ಬಳಕೆಯಲ್ಲಿದ್ದವು. ಎಡೆಬಿಡದೆ ಸುರಿಯುವ ಮಳೆಗೆ ಮಣ್ಣಿನ ಗೋಡೆ ನೆನೆದು ಕುಸಿದಾಗ ಮೇಲಿನ ಭಾರವೇ ಒಳಗಿದ್ದವರಿಗೆ ಕುತ್ತಾಗುತ್ತದೆ. ಕೊರಟಗೆರೆ ಮತ್ತು ಮಧುಗಿರಿ ತಾಲ್ಲೂಕುಗಳ ಮೂಲಕ ಹರಿಯುವ ಜಯಮಂಗಲಿ ನದಿಯ ಪಾತ್ರಕ್ಕೂ ಕೆರೆಗಳ ಕೋಡಿಗೂ ಸಮೀಪವಿರುವ ತಗ್ಗು ನಿವೇಶನಗಳಲ್ಲಿ ತಳಪಾಯದ ಎತ್ತರ ಮುಖ್ಯವಾಗುತ್ತದೆ. ಹಳೆಯ ಮನೆಗಳಲ್ಲಿ ಒಂದೇ ದೀಪಕ್ಕೆಂದು ಕೊಟ್ಟ ಭಾಗ್ಯಜ್ಯೋತಿ ಸಂಪರ್ಕದ ತಂತಿಗೆ ಮುಂದೆ ಫ್ಯಾನು, ಟಿವಿ, ಮಿಕ್ಸಿಗಳ ಹೊರೆ ಬಿದ್ದರೆ, ಭೂಸಂಪರ್ಕವಿಲ್ಲದ ಜೋಡಣೆ ಅಪಾಯಕರವಾಗುತ್ತದೆ. ಕೊನೆಯ ಕಂತು ಪಾವತಿಯಾದ ಮೇಲೆ ಇವನ್ನೆಲ್ಲ ನಿಯತವಾಗಿ ತಪಾಸಣೆ ಮಾಡುವ ಏರ್ಪಾಡು ವಸತಿ ಯೋಜನೆಗಳ ಭಾಗವಾಗಿ ಬೆಳೆಯಲಿಲ್ಲ. ಮನೆ ಬಿದ್ದ ನಂತರದ ಪರಿಹಾರಕ್ಕೆ ವ್ಯವಸ್ಥೆಯಿದ್ದು, 2019ರ ನೆರೆಯಲ್ಲಿ ಪೂರ್ಣವಾಗಿ ಹಾಳಾದ ಮನೆಗಳಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು.

ಬಹುಮಹಡಿ ವಸತಿ ಮತ್ತು ಹೊರದೇಶಗಳ ಅನುಭವ

ನಗರಗಳಲ್ಲಿ ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿ ಮತ್ತಿತರ ಸಂಸ್ಥೆಗಳು ಕಟ್ಟುವ ಬಹುಮಹಡಿ ಸಮುಚ್ಚಯಗಳಲ್ಲಿ ಚಾವಣಿ, ಮೆಟ್ಟಿಲು, ಕೊಳವೆಗಳು ಎಲ್ಲರಿಗೂ ಸೇರಿದವಾದ್ದರಿಂದ ದುರಸ್ತಿ ಒಬ್ಬರ ಕೈಯಲ್ಲಿರುವುದಿಲ್ಲ. ಬೆಂಗಳೂರಿನ ಈಜಿಪುರದ ಆರ್ಥಿಕ ದುರ್ಬಲ ವರ್ಗದವರ ವಸತಿ ಸಮುಚ್ಚಯದಲ್ಲಿ 2007ರಲ್ಲಿ ಕಟ್ಟಡ ಕುಸಿದು, 2013ರ ಜನವರಿಯಲ್ಲಿ ಅಲ್ಲಿ ಉಳಿದಿದ್ದ ಕುಟುಂಬಗಳನ್ನು ತೆರವುಗೊಳಿಸಿದ್ದು ಇದಕ್ಕೆ ರಾಜ್ಯದ ಪ್ರಮುಖ ನಿದರ್ಶನ.

ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು ಹೊತ್ತಿದ ಬೆಂಕಿಗೆ 72 ಮಂದಿ ಬಲಿಯಾದರು. ಬೆಂಕಿಯ ಅಪಾಯವನ್ನು ನಿವಾಸಿಗಳ ಗುಂಪು ಮೊದಲೇ ಎತ್ತಿ ತೋರಿಸಿತ್ತು. ಆ ದುರಂತದ ನಂತರ ಬ್ರಿಟನ್ 2022ರಲ್ಲಿ ಕಟ್ಟಡ ಸುರಕ್ಷತಾ ಕಾಯ್ದೆಯನ್ನೂ 2023ರಲ್ಲಿ ಸಾಮಾಜಿಕ ವಸತಿ ನಿಯಂತ್ರಣ ಕಾಯ್ದೆಯನ್ನೂ ತಂದು, ಬಾಡಿಗೆದಾರರ ದೂರಿಗೆ ಮನೆಯೊಡೆತನದ ಸಂಸ್ಥೆ ಉತ್ತರಿಸುವುದನ್ನು ಕಾನೂನಿನ ಹೊಣೆಯಾಗಿಸಿತು. ಮಧುಗಿರಿ ಭಾಗದ ಆಶ್ರಯ ಮನೆಗಳಿಗೆ ಉತ್ತರ ಹೇಳಬೇಕಾದ ಅಂಥ ಒಡೆಯ ಸಂಸ್ಥೆಯಿಲ್ಲ. ಫಲಾನುಭವಿಗಳನ್ನು ಆಯ್ಕೆ ಮಾಡುವ ಗ್ರಾಮಸಭೆಯೇ ವರ್ಷಕ್ಕೊಮ್ಮೆ ಶಿಥಿಲ ಮನೆಗಳ ಪಟ್ಟಿಯನ್ನೂ ಪರಿಶೀಲಿಸಿದರೆ, ಈಗಿರುವ ಕಾನೂನಿನ ಚೌಕಟ್ಟಿನೊಳಗೆ ನಿವಾಸಿಗಳ ಪಾಲ್ಗೊಳ್ಳುವಿಕೆಯನ್ನು ಸುರಕ್ಷತೆಗೂ ವಿಸ್ತರಿಸಲು ಸಾಧ್ಯ.